ಲಾಲ್‌ಬಾಗ್‌ನ ವಸಂತ: ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಹೋಗಿ

ಲಾಲ್‌ಬಾಗ್ ಎಂದರೆ ಬಹಳ ಜನಕ್ಕೆ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ, ಗಾಜಿನ ಮನೆ, ನೂಕುನುಗ್ಗಲು. ಅಲ್ಲಿ ಹೆಚ್ಚಾಗಿ ಕಾಣುವುದು ಕುಂಡದಲ್ಲಿ ಬೆಳೆಸಿ ತಂದು ಜೋಡಿಸಿದ ಹೂವು. ತೋಟದ ಮರಗಳೇ ಬಿಡುವ ಹೂವು ನೋಡಬೇಕೆಂದರೆ ಆ ಜಾತ್ರೆ ಚದುರಲಿ. ಫೆಬ್ರವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಅದರ ಕಾಲ. ಟಿಕೆಟ್ಟಿನ ದುಡ್ಡಿಗೆ ನಿಜವಾದ ಬೆಲೆ ಸಿಗುವುದು ಆಗಲೇ.

1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ ಇಂದು 240 ಎಕರೆಯಷ್ಟಿದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಊರಿನ ಸಾಲುಮರಗಳನ್ನು ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಆರಿಸಿದರು. ತೋಟದೊಳಗೂ ಮರಗಳು ಹೂ ಬಿಡುವುದು ಸರದಿಯ ಮೇಲೆಯೇ. ಹಾಗಾಗಿ ಒಂದೇ ಸಲಕ್ಕೆ ಎಲ್ಲ ನೋಡಿಬಿಡುತ್ತೇನೆ ಎಂದರೆ ಆಗದು. ಫೆಬ್ರವರಿ ಕೊನೆಗೊಮ್ಮೆ, ಏಪ್ರಿಲ್ ನಡುವಿಗೊಮ್ಮೆ ಹೋದರೆ ಮುಖ್ಯವಾದವು ದಕ್ಕುತ್ತವೆ.

ಮೊದಲು ಟಬೆಬುಯಾ. ತಿಳಿಗುಲಾಬಿ ಬಣ್ಣದ್ದು ನೆಟ್ಟಗೆ ಎತ್ತರಕ್ಕೆ ಬೆಳೆಯುತ್ತದೆ. ಹಳದಿಯದು ಗಿಡ್ಡ, ಕಾಂಡ ಸೊಟ್ಟ, ತೊಗಟೆ ಬಿರುಕುಬಿರುಕು, ಎಲೆಗೆ ಬೆಳ್ಳಿ ಛಾಯೆ. ಎರಡೂ ಎಲೆ ಉದುರಿಸಿಕೊಂಡೇ ಹೂ ಬಿಡುವುದರಿಂದ ಕೊಂಬೆಯಲ್ಲಿ ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ. ತೊಂದರೆಯೆಂದರೆ ಒಂದು ಮರದ ಭರಾಟೆ ವಾರದಿಂದ ಹತ್ತು ದಿನ ಅಷ್ಟೇ. ನಡುವೆ ಒಂದು ಜೋರು ಮಳೆ ಬಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ನೆಲದ ಪಾಲು. ಮಳೆಯ ಮುನ್ಸೂಚನೆ ಇದ್ದರೆ ಭಾನುವಾರಕ್ಕೆ ಕಾಯಬೇಡಿ.

ಮಾರ್ಚ್‌–ಏಪ್ರಿಲ್‌ನಲ್ಲಿ ನೀಲಿ-ನೇರಳೆಯ ಜಕರಂದಾ, ಜೊತೆಗೆ ಹೊಂಗೆಯ ಹೂವು. ಏಪ್ರಿಲ್‌ನಿಂದ ಕಕ್ಕೆಯ ಹಳದಿ ಗೊಂಚಲು, ಗುಲ್‌ಮೊಹರ್‌ನ ಕೆಂಪು.

ಇವೆಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದ್ದು ನಾಗಲಿಂಗ. ಹೂವು ಕೊಂಬೆಯ ತುದಿಯಲ್ಲಿಲ್ಲ, ಕಾಂಡದಿಂದಲೇ ಇಳಿಬಿದ್ದ ಹುರಿಯಂಥ ರೆಂಬೆಗಳಲ್ಲಿದೆ. ಆದ್ದರಿಂದ ಕಣ್ಣಿನ ಮಟ್ಟದಲ್ಲೇ ಸಿಗುತ್ತದೆ. ದಪ್ಪನೆಯ ಆರು ಎಸಳು, ಮೇಲೆ ಬಾಗಿದ ಹೆಡೆ. ಆ ಹೆಡೆಯ ಕೇಸರದ ಪರಾಗ ದುಂಬಿ-ಜೇನುಗಳಿಗೆ ಮೇವು ಮಾತ್ರ. ಕಾಯಿ ಕಟ್ಟಿಸುವ ಪರಾಗ ಕೆಳಗಿನ ಬಳೆಯಂಥ ಸುತ್ತಿನದು. ಮೇವಿಗೆ ನುಗ್ಗಿದ ದುಂಬಿಯ ಬೆನ್ನಿಗೆ ಅದು ಮೆತ್ತಿಕೊಳ್ಳುತ್ತದೆ. ಹೂವು ಒಂದು ದಿನದ್ದು, ಪರಿಮಳ ಬೆಳಗಿನ ಜಾವ ಗಾಢ. ಮಧ್ಯಾಹ್ನ ಹೋಗಿ ‘ವಾಸನೆಯೇ ಇಲ್ಲವಲ್ಲ’ ಎನ್ನಬೇಡಿ. ಮರದಡಿ ಮಾತ್ರ ನಿಲ್ಲದಿರುವುದು ಮೇಲು: ಫಿರಂಗಿ ಗುಂಡಿನಷ್ಟು ದೊಡ್ಡ, ಗಟ್ಟಿ ಕಾಯಿ ಹೇಳದೆ ಕೇಳದೆ ಉದುರುತ್ತದೆ. ಒಡೆದರೆ ನಾತ ಬೇರೆ.

ಕೊರತೆ ಇಲ್ಲವೆಂದಲ್ಲ. ಹೆಚ್ಚಿನ ಹೂವು ತೀರಾ ಎತ್ತರದಲ್ಲಿರುವುದರಿಂದ ಬರಿಗಣ್ಣಿಗೆ ಬಣ್ಣದ ಮುದ್ದೆಯಷ್ಟೇ ಕಾಣುತ್ತದೆ. ಸಣ್ಣ ಬೈನಾಕ್ಯುಲರ್ ಇದ್ದರೆ ಅನುಭವವೇ ಬೇರೆ. ಇಲ್ಲದವರು ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲಿನ ಮೇಲಿಂದ ಮರಗಳ ನೆತ್ತಿ ಕಾಣುತ್ತದೆ, ಎಲ್ಲಿ ಯಾವುದು ಅರಳಿದೆ ಎಂದು ಗುರುತು ಹಾಕಿಕೊಂಡು ಇಳಿಯಬಹುದು. ಒಂಬತ್ತರ ನಂತರ ಬಂಡೆ ಕಾಯತೊಡಗುತ್ತದೆ, ಮೊದಲು ಇದನ್ನೇ ಮುಗಿಸಿ.

ಫೋಟೊಗೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬೆಳಕಿನಲ್ಲಿ ತಿಳಿಗುಲಾಬಿ ಪೂರಾ ಬಿಳುಚಿಕೊಳ್ಳುತ್ತದೆ, ಮೋಡವಿದ್ದರೆ ಜಕರಂದಾ ಬೂದಿಯಂತೆ ಬರುತ್ತದೆ. ಹೂಬಿಟ್ಟ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರಬಹುದು, ಕಲ್ಲು ಎಸೆಯುವ ಮಕ್ಕಳ ಮೇಲೆ ಕಣ್ಣಿಡಿ. ವಾರಾಂತ್ಯದಲ್ಲಿ ಕಾರು ತಂದರೆ ನಿಲ್ಲಿಸುವ ಜಾಗಕ್ಕೆ ಹುಡುಕಾಟ ತಪ್ಪದು; ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರದಲ್ಲೇ ಇದೆ.