ಶಾಲೆಯವರು "ನೀವೇ ಟಿಸಿ ಕೇಳಿ ಬರೆದುಕೊಡಿ" ಅಂದರೆ ಬರೆದುಕೊಡಬೇಡಿ

ಬಳ್ಳಾರಿಯಲ್ಲಿ ಆಟಿಸಂ, ಕಲಿಕೆಯ ತೊಂದರೆ ಇರುವ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಇನ್ನೂ ಕೈ ನಡುಗುತ್ತಿದೆ, ಬರಹ ಹಿಂದೆಮುಂದೆ ಆದರೆ ಹೊಂದಿಸಿಕೊಳ್ಳಿ.

ನನ್ನ ಮಗ ಆರನೇ ಕ್ಲಾಸು. ಆಟಿಸಂ ಇದೆ. ಅಡ್ಮಿಷನ್ ಹೊತ್ತಿಗೇ ಹೇಳಿದ್ದೆವು, ಏನೂ ಮುಚ್ಚಿಟ್ಟಿರಲಿಲ್ಲ. ಈ ವರ್ಷ ಶಾಲೆ ಶುರುವಾದಾಗ "ಡಾಕ್ಟರ್ ರಿಪೋರ್ಟ್ ಎಲ್ಲಾ ಕೊಡಿ ಮೇಡಂ, ಪರೀಕ್ಷೆಯಲ್ಲಿ ಟೈಮ್ ಜಾಸ್ತಿ ಕೊಡೋಕೆ ಬೇಕು" ಅಂದರು. ಯುಡಿಐಡಿ ಕಾರ್ಡು (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ), ಥೆರಪಿ ರಿಪೋರ್ಟು, ಎಲ್ಲದರ ಜೆರಾಕ್ಸ್ ಕೊಟ್ಟೆ. ಖುಷಿಯಿಂದಲೇ ಕೊಟ್ಟೆ.

ಆಗಸ್ಟ್ 15ರ ಡ್ರಿಲ್ ಪ್ರಾಕ್ಟೀಸ್ ನಡೆದಿತ್ತು. ತಗಡಿನ ಶೆಡ್ಡಿನ ಕೆಳಗೆ ಡ್ರಮ್ ಬಾರಿಸುತ್ತಿದ್ದರು. ಜೋರು ಶಬ್ದ ಇವನಿಗೆ ಆಗೋದಿಲ್ಲ, ಕಿವಿ ಮುಚ್ಚಿಕೊಂಡು ಕೂತಿದ್ದ. ಒಬ್ಬ ಹುಡುಗ ಕೈ ಹಿಡಿದು ಎಳೆದಿದ್ದಾನೆ. ಇವನು ಅವನನ್ನು ತಳ್ಳಿ "ಸಾಯಿಸಿಬಿಡ್ತೀನಿ" ಅಂತ ಕಿರುಚಿದ್ದಾನೆ. ಮೊಬೈಲಿನಲ್ಲಿ ಕೇಳಿದ ಡೈಲಾಗು ಅದು. ಮನೆಯಲ್ಲಿ ತಿರುಗುವ ಫ್ಯಾನಿಗೂ ಅದನ್ನೇ ಹೇಳ್ತಾನೆ. ಆ ಹುಡುಗನ ಮನೆಗೆ ಹೋಗಿ ಮಾತಾಡಿ ಬಂದೆವು, ಅವನ ತಾಯಿ ಅರ್ಥ ಮಾಡಿಕೊಂಡರು. ಶಾಲೆಯವರು ಮಾಡಿಕೊಳ್ಳಲಿಲ್ಲ.

ನಮಗೆ ಒಂದು ಮೆಸೇಜೂ ಹಾಕದೆ, ಕೌನ್ಸೆಲರ್ ಅನ್ನುವವರು ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು "ಸೇಫ್ಟಿ ಅಸೆಸ್‌ಮೆಂಟ್" ಮಾಡಿದ್ದಾರೆ. ಇವನಿಂದ ಬೇರೆ ಮಕ್ಕಳಿಗೆ ಅಪಾಯ ಇದೆಯಾ ಅಂತ ನೋಡೋದು ಅದು. ಆಮೇಲೆ ನಮ್ಮನ್ನು ಕರೆಸಿ ಅದರ ಫಾರ್ಮ್ ಮುಂದಿಟ್ಟರು. ಪ್ರಶ್ನೆ: "ಯಾರನ್ನಾದ್ರೂ ಹೊಡೀಬೇಕು ಅನಿಸ್ತದಾ?" ಅದರ ಎದುರಿಗೆ, "ಹೌದು".

ಏನು ಕೇಳಿದರೂ ನನ್ನ ಮಗ ಪ್ರಶ್ನೆಯ ಕೊನೆಯನ್ನೇ ತಿರುಗಿ ಹೇಳುತ್ತಾನೆ. "ಊಟ ಬೇಕಾ" ಅಂದರೆ "ಬೇಕಾ" ಅಂತಾನೆ. ಎಕೊಲಾಲಿಯಾ ಅಂತಾರೆ, ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಇರುತ್ತದೆ. ಅವನು "ಅನಿಸ್ತದಾ" ಅಂದಿರುತ್ತಾನೆ, ಇವರು "ಹೌದು" ಅಂತ ಬರೆದುಕೊಂಡಿದ್ದಾರೆ! ನಾನು ಕೊಟ್ಟ ರಿಪೋರ್ಟಿನಲ್ಲೇ ಇದೆಲ್ಲ ಇದೆ. ಆ ಸಾಲು ಯಾರೂ ಓದಿಲ್ಲ. "ಗದ್ದಲದಲ್ಲಿ ಮುಟ್ಟಿದರೆ ತಳ್ಳಬಹುದು" ಅನ್ನುವ ಸಾಲಿಗೆ ಮಾತ್ರ ಕೆಂಪು ಪೆನ್ನಿನ ಗೀಟು. ಪರೀಕ್ಷೆಗೆ ಅಂತ ಇಸ್ಕೊಂಡ ಕಾಗದ ಅದು. ಅದನ್ನೇ ನನ್ನ ಮಗನ ಮೇಲೆ ಸಾಕ್ಷಿ ಮಾಡಿದ್ದರು. ಹೊಟ್ಟೆ ಉರಿದುಹೋಯಿತು.

"ಬೇರೆ ಪೇರೆಂಟ್ಸ್ ಹೆದರಿದ್ದಾರೆ ಮೇಡಂ."
"ಯಾರು?" ಅಂದೆ.
"ಹೆಸರು ಹೇಳೋಕಾಗಲ್ಲ."
"ಹಂಗಾದ್ರೆ ತೆಗೆದುಹಾಕ್ತೀವಿ ಅಂತ ನೀವೇ ಬರೆದುಕೊಡಿ."
"ನಾವೆಲ್ಲಿ ತೆಗಿತಿದೀವಿ? ನೀವೇ ಟಿಸಿ ಬೇಕು ಅಂತ ಒಂದು ಲೆಟರ್ ಕೊಡಿ, ಸುಮ್ನೆ ಫಾರ್ಮಾಲಿಟಿ. ನಿಮ್ಮ ಮಗನ ಒಳ್ಳೇದಕ್ಕೇ ಹೇಳ್ತಿರೋದು."

ಇದೇ ಮೋಸ. ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನಮ್ಮ ಕೈಯಲ್ಲಿ ಬರೆಸಿಕೊಳ್ಳೋದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೂ 16ನೇ ಸೆಕ್ಷನ್ನೇ ನೋಡಿ: ಸರ್ಕಾರದ ಮಾನ್ಯತೆ ಪಡೆದ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಆ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಡ್ರಮ್ ಹೊತ್ತಲ್ಲಿ ಇವನನ್ನು ಲೈಬ್ರರಿಯಲ್ಲಿ ಕೂರಿಸಿದ್ದರೆ ಸಾಕಿತ್ತು ಅಲ್ವಾ?

"ಫಾರಿನ್ ಸ್ಕೂಲಲ್ಲೂ ಹಿಂಗೇ ಮಾಡ್ತಾರೆ" ಅಂತ ಬೇರೆ ಅಂದರು. ಓದಿ ನೋಡಿದೆ. ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುವ ಮಗುವನ್ನು ತಪ್ಪು ಮಾಡಿದ ಅಂತ ಸತತ 10 ಶಾಲಾ ದಿನಕ್ಕಿಂತ ಜಾಸ್ತಿ ಹೊರಗಿಡಬೇಕಾದರೆ, ಆ ನಡವಳಿಕೆಗೆ ಅಂಗವೈಕಲ್ಯ ಕಾರಣವೇ ಅಂತ ತಂದೆತಾಯಿಯೂ ಸೇರಿದ ಸಭೆ ತೀರ್ಮಾನಿಸಬೇಕು. ಫಾರ್ಮ್ ಮಾತ್ರ ಅಲ್ಲಿಂದ ಬಂತು, ತಂದೆತಾಯಿಯ ಕುರ್ಚಿ ಬರಲಿಲ್ಲ.

ನಾನು ಲೆಟರ್ ಕೊಡಲಿಲ್ಲ. ನೀವೂ ಕೊಡಬೇಡಿ. ರಿಪೋರ್ಟ್ ಕೊಡುವಾಗ ಯಾತಕ್ಕೆ ಅಂತ ಅದರ ಮೇಲೇ ಬರೆದು, ಸೀಲು ಹಾಕಿಸಿಕೊಂಡು ಕೊಡಿ. ನೀವಿಲ್ಲದೆ ಮಗುವನ್ನು ಪ್ರಶ್ನೆ ಮಾಡಬಾರದು ಅಂತ ಮೊದಲೇ ಲೆಟರ್ ಕೊಟ್ಟಿಡಿ. ಮಾತಿನಲ್ಲಿ ಹೇಳಿದ್ದನ್ನು ನಂಬಲೇಬೇಡಿ.

ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಕೊಟ್ಟಿದ್ದೇನೆ. ಮಕ್ಕಳ ಹಕ್ಕುಗಳ ಆಯೋಗಕ್ಕೂ ಅಂಗವಿಕಲರ ರಾಜ್ಯ ಆಯುಕ್ತರಿಗೂ ಕಳಿಸಿದ್ದೇನೆ. ಮೊನ್ನೆ ಶಾಲೆಯಿಂದ ಫೋನು: "ಅಲ್ಲೆಲ್ಲಾ ಯಾಕೆ ಹೋದ್ರಿ ಮೇಡಂ, ಕೂತು ಮಾತಾಡಬಹುದಿತ್ತಲ್ಲ." ಆ ಫಾರ್ಮಿನ ಕಾಪಿ ಕೊಡಿ, ಆಮೇಲೆ ಕೂರೋಣ ಅಂದೆ. "ಅದು ಇಂಟರ್ನಲ್" ಅಂತ ಇಟ್ಟುಬಿಟ್ಟರು. ಇದೇ ಥರ ಫಾರ್ಮ್ ನೋಡಿದ ತಂದೆತಾಯಿ ಬಳ್ಳಾರಿಯಲ್ಲಿ ಇನ್ನೂ ಯಾರಾದರೂ ಇದ್ದರೆ ಮುಂದೆ ಬನ್ನಿ, ಎಲ್ಲರೂ ಸೇರಿ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಹತ್ತಿರ ಹೋಗೋಣ.