ಡಿಸ್ಟಿಲೇಶನ್ ನಡುವೆ ಥರ್ಮಾಮೀಟರ್ ಒತ್ತಬೇಡಿ, ಯಾರು ಹೇಳಿದರೂ ಬೇಡ

ಆರ್ಗ್ಯಾನಿಕ್ ಲ್ಯಾಬಿಗೆ ಹೋಗುವ ಬಿಎಸ್ಸಿ, ಎಂಎಸ್ಸಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಿಸ್ಟಿಲೇಶನ್ (ದ್ರವ ಕುದಿಸಿ, ಆವಿ ತಣಿಸಿ ಹಿಡಿಯುವುದು) ಶುರುವಾದ ಮೇಲೆ ಥರ್ಮಾಮೀಟರನ್ನು ಮೇಲೆ ಕೆಳಗೆ ಮಾಡಲು ಹೋಗಬೇಡಿ. ನಮ್ಮ ಲ್ಯಾಬಿನಲ್ಲಿ ಹಾಗೆ ಮಾಡಿಸಿದ್ದಕ್ಕೆ ಗೆಳೆಯನ ಅಂಗೈ ಕುಯ್ದುಹೋಯಿತು, ಬಿಸಿ ಮ್ಯಾಂಟಲ್ (ಫ್ಲಾಸ್ಕ್ ಕಾಯಿಸುವ ಕರೆಂಟ್ ಒಲೆ) ಒಳಗೆ ಪಾದರಸ ಬಿತ್ತು.

ಅವತ್ತು ಸೈಕ್ಲೋಹೆಕ್ಸನಾಲ್ ಎಂಬ ಆಲ್ಕೋಹಾಲ್‌ನಿಂದ ಸೈಕ್ಲೋಹೆಕ್ಸೀನ್ ಮಾಡುವ ಪ್ರಯೋಗ. ಫಾಸ್ಫಾರಿಕ್ ಆಸಿಡ್ ಹಾಕಿ ಕಾಯಿಸಿ, ಬಂದದ್ದನ್ನು ತೊಳೆದು, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಒಣಗಿಸಿ, ಕೊನೆಗೆ ಇನ್ನೊಮ್ಮೆ ಡಿಸ್ಟಿಲ್ ಮಾಡಬೇಕು. ಸೆಟಪ್‌ಗಳನ್ನು ಲ್ಯಾಬ್ ನೋಡಿಕೊಳ್ಳುವವರೇ ಮೊದಲೇ ಜೋಡಿಸಿಟ್ಟಿದ್ದರು. ನಮ್ಮದರಲ್ಲಿ ಥರ್ಮಾಮೀಟರ್ ಬಲ್ಬ್ ತೀರಾ ಮೇಲಿತ್ತು, ಆವಿ ತಣಿಸುವ ಕಂಡೆನ್ಸರ್ ಕಡೆ ಹೊರಳುವ ಕೊಳವೆಗಿಂತ ಎರಡು ಬೆರಳು ಮೇಲೆ. ಕೇಳಿದೆವು. ‘ಪರವಾಗಿಲ್ಲ, ಶುರು ಮಾಡಿ’ ಅಂದರು.

ಹನಿ ಬೀಳತೊಡಗಿದಾಗ ಥರ್ಮಾಮೀಟರ್ 60ರ ಹತ್ತಿರ ಇತ್ತು. ಸೈಕ್ಲೋಹೆಕ್ಸೀನ್ ಕುದಿಯುವುದು 83 ಡಿಗ್ರಿಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಮೂರು ಡಿಗ್ರಿಯಷ್ಟು ಕಡಿಮೆ ಬರುವುದು ಸಹಜ. ಆದರೆ ಇಪ್ಪತ್ತು ಡಿಗ್ರಿ ಕಡಿಮೆ ಬರಲ್ಲ. ಬಲ್ಬ್ ಅಷ್ಟು ಮೇಲಿದ್ದರೆ ಆವಿ ಅದನ್ನು ಮುಟ್ಟುವ ಮೊದಲೇ ಪಕ್ಕಕ್ಕೆ ತಿರುಗಿಬಿಡುತ್ತದೆ. ಥರ್ಮಾಮೀಟರ್ ಸುಮ್ನೆ ಮೇಲಿನ ಗಾಳಿಯ ಬಿಸಿ ತೋರಿಸುತ್ತಾ ಕೂರುತ್ತದೆ. ‘ಇದು ಮೊದಲ ಫ್ರ್ಯಾಕ್ಷನ್, ಬೇರೆ ಇಡಿ, ಉರಿ ಜಾಸ್ತಿ ಮಾಡಿ’ ಅಂದರು, ಅಂದರೆ ಮೊದಲು ಬರುವ ಬೇಡದ ಭಾಗ ಅಂತ. ಬೇರೆ ಇಟ್ಟಿದ್ದು ನಮ್ಮ ಪ್ರಾಡಕ್ಟೇ. ಉರಿ ಜಾಸ್ತಿ ಮಾಡಿದ ಮೇಲೆ ಬಂದದ್ದರಲ್ಲಿ ಉಳಿದಿದ್ದ ಸೈಕ್ಲೋಹೆಕ್ಸನಾಲ್ ಸೇರಿತ್ತು. ಆಮೇಲೆ ಯಾವ ಪದಾರ್ಥ ಇದೆ ಅಂತ ತೋರಿಸುವ ಐಆರ್ (ಇನ್‌ಫ್ರಾರೆಡ್) ಗ್ರಾಫ್ ತೆಗೆಸಿದಾಗ 3300 cm⁻¹ ಹತ್ತಿರ ಆಲ್ಕೋಹಾಲಿನ ಅಗಲವಾದ ಉಬ್ಬು ಎದ್ದು ಕಾಣುತ್ತಿತ್ತು.

ಅಷ್ಟಾದರೂ ಉಷ್ಣಾಂಶ ಏರಲಿಲ್ಲ ಅಂತ, ‘ಥರ್ಮಾಮೀಟರ್ ಸ್ವಲ್ಪ ಕೆಳಗೆ ಒತ್ತಿ’ ಅಂದರು. ಒಣ ರಬ್ಬರ್ ಕಾರ್ಕು, ಬಿಸಿಗೆ ಕಚ್ಚಿಕೊಂಡಿತ್ತು. ಗೆಳೆಯ ಒತ್ತಿದ ತಕ್ಷಣ ಗಾಜು ಕಾರ್ಕಿನ ಮೇಲೆ ಮುರಿದು ಅಂಗೈಗೆ ನುಗ್ಗಿತು. ಅವನು ಕೈ ಎಳೆದುಕೊಂಡಾಗ ಕಾರ್ಕು ಸಮೇತ ಕೆಳಗಿನ ತುಂಡು ಹೊರಬಂತು. ಬಲ್ಬ್ ಕ್ಲ್ಯಾಂಪಿಗೆ ಬಡಿದು ಒಡೆದು, ಪಾದರಸ ಗುಂಡುಗುಂಡಾಗಿ ಮ್ಯಾಂಟಲ್ ಒಳಗೂ ನೆಲದ ಮೇಲೂ ಉರುಳಿತು. ಫ್ಲಾಸ್ಕ್ ಬಾಯಿ ತೆರೆದಿತ್ತು, ಒಳಗೆ ಬೆಂಕಿ ಹತ್ತುವ ದ್ರವ. ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ನನಗೆ ಸಿಟ್ಟು ಬಂದಿದ್ದು ಆಮೇಲೆ ನಡೆದದ್ದಕ್ಕೆ. ನೆಲದ ಮೇಲೆ ಬಿದ್ದ ಪಾದರಸವನ್ನು ಪೊರಕೆಯಲ್ಲಿ ಗುಡಿಸಿದರು. ಗುಡಿಸಿದರೆ ಅದು ಇನ್ನೂ ಸಣ್ಣ ಹನಿಗಳಾಗಿ ಸಂದಿಗೊಂದಿ ಸೇರುತ್ತದೆ. ಮ್ಯಾಂಟಲನ್ನು ಮುಂದಿನ ಬ್ಯಾಚಿಗೆ ಮತ್ತೆ ಕೊಟ್ಟರು! ಪಾದರಸದ ಆವಿಗೆ ವಾಸನೆಯೇ ಇಲ್ಲ. ಬಿಸಿ ಮಾಡಿದಷ್ಟೂ ಜಾಸ್ತಿ ಏಳುತ್ತದೆ, ಉಸಿರಿನಲ್ಲಿ ಒಳಗೆ ಹೋಗುತ್ತದೆ. ಹೀಗಾದರೆ ಮೊದಲು ಮ್ಯಾಂಟಲ್ ಸ್ವಿಚ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ. ಆ ಮ್ಯಾಂಟಲನ್ನು ಮತ್ತೆ ಹಚ್ಚಲು ಬಿಡಬೇಡಿ.

ಕಾಯಿಸುವ ಮೊದಲೇ ಕಣ್ಣಳತೆಯಲ್ಲಿ ನೋಡಿಕೊಳ್ಳಿ. ಬಲ್ಬಿನ ಮೇಲಿನ ಅಂಚು, ಪಕ್ಕಕ್ಕೆ ಹೊರಳುವ ಕೊಳವೆಯ ಕೆಳಗಿನ ಅಂಚು, ಎರಡೂ ಒಂದೇ ಮಟ್ಟದಲ್ಲಿರಬೇಕು. ಬಲ್ಬ್ ಗಾಜಿನ ಗೋಡೆಗೆ ತಾಗಬಾರದು. ತೀರಾ ಕೆಳಗೆ ದ್ರವದಲ್ಲಿ ಮುಳುಗಿದ್ದರೆ ತೋರಿಸುವುದು ದ್ರವದ ಉಷ್ಣಾಂಶ, ಆವಿಯದಲ್ಲ. ಸರಿಯಾಗಿ ನಡೆಯುತ್ತಿದ್ದರೆ ಬಲ್ಬಿನ ತುದಿಯಲ್ಲಿ ಸದಾ ಒಂದು ಹನಿ ತೂಗುತ್ತಿರುತ್ತದೆ. ಅದು ಕಾಣದಿದ್ದರೆ ಥರ್ಮಾಮೀಟರ್ ಹೇಳುವುದನ್ನು ನಂಬಬೇಡಿ. ಸರಿಪಡಿಸಲೇಬೇಕಾದರೆ ಉರಿ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಕಾರ್ಕನ್ನು ಹೊರತೆಗೆದು, ತೂತಿಗೆ ಗ್ಲಿಸರಿನ್ ಸವರಿ, ಬಟ್ಟೆ ಸುತ್ತಿ, ಕಾರ್ಕಿನ ಪಕ್ಕದಲ್ಲೇ ಹಿಡಿದು ಮೆಲ್ಲಗೆ ತಿರುಗಿಸಿ.

ಇಂಥ ಪ್ರಯೋಗಕ್ಕೆ 110 ಡಿಗ್ರಿವರೆಗಿನ ಸ್ಪಿರಿಟ್ ಥರ್ಮಾಮೀಟರ್ (ಪಾದರಸದ ಬದಲು ಬಣ್ಣದ ದ್ರವ ಇರುವುದು) ಸಾಕು, ಪಾದರಸವೇ ಬೇಕಿಲ್ಲ. ಅದನ್ನೇ ಕೊಡಿ ಅಂತ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲೇ ಕೇಳಿ, ಒಬ್ಬರೇ ಅಲ್ಲ, ಇಡೀ ಬ್ಯಾಚು ಸಹಿ ಹಾಕಿ.