ಮನೆ, ಪಬ್ಬು, ಕಂಠೀರವ: ಪೆನಾಲ್ಟಿ ಎಲ್ಲಿ ಕೂತು ನೋಡಬೇಕು?

ನಮ್ಮ ದೇಶದ ಫುಟ್‌ಬಾಲ್ ತಂಡ ಗೆಲ್ಲುತ್ತೋ ಸೋಲುತ್ತೋ ಅನ್ನುವುದು ಕೊನೇ ಗಳಿಗೆಗೆ ಬಂದು ನಿಂತಾಗ ನಾವು ಎಲ್ಲಿದ್ದರೆ ಚೆನ್ನ? ಮನೆಯಲ್ಲಿ ಫೋನ್ ಹಿಡಿದುಕೊಂಡಾ, ಪಬ್ಬಿನಲ್ಲಿ ದುಡ್ಡು ತೆತ್ತು ದೊಡ್ಡ ಪರದೆ ಮುಂದಾ, ಇಲ್ಲಾ ಸ್ಟೇಡಿಯಮ್ಮಿಗೇ ಹೋಗಿಯಾ? 2023ರಲ್ಲಿ ಈ ಮೂರನ್ನೂ ಎಂಟು ದಿನದೊಳಗೆ ನೋಡಿಬಿಡುವ ಯೋಗ ನನಗೆ ಬಂತು. ಸ್ಯಾಫ್ ಚಾಂಪಿಯನ್‌ಶಿಪ್ ಬೆಂಗಳೂರಿನ ಕಂಠೀರವದಲ್ಲಿ ನಡೆಯುತ್ತಿತ್ತು. ಟೂರ್ನಿ ದಕ್ಷಿಣ ಏಷ್ಯಾದ್ದೇ, ಆದರೆ ಆ ವರ್ಷ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದಿದ್ದವು. ಕುವೈತ್ ಬಂದಿದ್ದರಿಂದಲೇ ನಮ್ಮ ರಕ್ತದೊತ್ತಡ ಏರಿದ್ದು ಅನ್ನಿ.

ಮೊದಲನೇ ರಾತ್ರಿ ಜೂನ್ 27, ಮಂಗಳವಾರ. ಗುಂಪಿನ ಕೊನೆಯ ಪಂದ್ಯ, ಎದುರಾಳಿ ಕುವೈತ್. ಮನೆ ವಿಜಯನಗರದಲ್ಲಿ, ನಾನು ಮತ್ತು ಅಪ್ಪ. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಡೈನಿಂಗ್ ಟೇಬಲ್ ಮೇಲೆ ಇಟ್ಟಿದ್ದೆವು. ಅನುಕೂಲಕ್ಕೆ ಪೂರ್ತಿ ಅಂಕ: ಬನಿಯನ್ನಲ್ಲಿ ಕೂರಬಹುದು, ಅನ್ನ ಸಾರು ಕೈಗೆ ಬರುತ್ತೆ, ಬೇಸರ ಬಂದರೆ ಎದ್ದು ಹೋಗಬಹುದು. ಮೊದಲರ್ಧ ಮುಗಿಯುವ ಹೊತ್ತಿಗೆ ಅನಿರುದ್ಧ್ ಥಾಪಾ ಹೊಡೆದ ಕಾರ್ನರ್ ನೆಲಕ್ಕೆ ಬೀಳುವ ಮುಂಚೆಯೇ ನಮ್ಮ ನಾಯಕ ಸುನಿಲ್ ಚೆಟ್ರಿ ಒದ್ದು ಗೋಲಿನೊಳಗೆ ಹಾಕಿದರು. ಅಪ್ಪ ಸೌಟು ಹಿಡಿದೇ ಚಪ್ಪಾಳೆ ತಟ್ಟಿದರು. ಆಮೇಲೆ ಕೋಚ್ ಇಗೊರ್ ಸ್ಟಿಮ್ಯಾಕ್‌ಗೆ ಟೂರ್ನಿಯಲ್ಲಿ ಎರಡನೇ ಸಲ ರೆಡ್ ಕಾರ್ಡ್. ತಳ್ಳಾಟ, ನೂಕಾಟ, ಎರಡೂ ಕಡೆ ಒಬ್ಬೊಬ್ಬ ಆಟಗಾರ ಹೊರಕ್ಕೆ. ಇಷ್ಟಾದರೂ 1-0, ಇಂಜುರಿ ಟೈಮ್.

ಆಗ ಮೇಲಿನ ಮನೆಯಿಂದ ಒಂದು "ಅಯ್ಯೋ" ಕೇಳಿಸಿತು.

ಮೇಲಿನ ಮನೆಯವರು ಕೇಬಲ್ಲಿನಲ್ಲಿ ನೋಡುತ್ತಿದ್ದರು. ನಮ್ಮ ಫೋನು ಅವರ ಟಿವಿಗಿಂತ ಅರ್ಧ ನಿಮಿಷ ಹಿಂದೆ. ನಮ್ಮ ಪರದೆಯಲ್ಲಿ ಬಾಲು ಇನ್ನೂ ನಡುಗೆರೆ ಹತ್ತಿರ ಇದೆ, ಭಾರತ ಇನ್ನೂ ಗೆಲ್ಲುತ್ತಿದೆ. ಅಪ್ಪ ಚಾವಣಿ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಏನೋ ಕೆಟ್ಟದ್ದಾಗಿದೆ ಅಂತ ಇಬ್ಬರಿಗೂ ಗೊತ್ತು, ಏನು ಅಂತ ಗೊತ್ತಿಲ್ಲ. ಕುವೈತಿನವನು ಬಲಗಡೆಯಿಂದ ಓಡುವುದನ್ನು, ಅಡ್ಡ ಬಾರಿಸುವುದನ್ನು, ಅನ್ವರ್ ಅಲಿ ಅದನ್ನು ಆಚೆ ತಳ್ಳಲು ಹೋಗಿ ನಮ್ಮದೇ ಗೋಲಿಗೆ ಹೊಡೆಯುವುದನ್ನು, ಸಾವಿನ ಸುದ್ದಿ ಬಂದ ಮೇಲೆ ಬಂದ ಕಾಗದ ಓದಿದ ಹಾಗೆ ಓದಿದೆವು. ಹೊಟ್ಟೆ ಉರಿದದ್ದು ಗೋಲಿಗಲ್ಲ, ಆ ಅರ್ಧ ನಿಮಿಷಕ್ಕೆ. ಗೆಲುವಾಗಿದ್ದರೂ ಇದೇ ಗತಿ, ಮೇಲಿನ ಮನೆಯವರು ಮೊದಲು ಕುಣಿದು ಮುಗಿಸಿದ ಮೇಲೆ ನಮ್ಮ ಸರದಿ. ಫೋನಿನಲ್ಲಿ ಲೈವ್ ಅಂತ ಕೆಂಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ನಂಬಿ ಅಕ್ಕಪಕ್ಕ ಮನೆಗಳಿರುವ ಕಡೆ ಪಂದ್ಯ ನೋಡಬೇಡಿ. ನೋಡಲೇಬೇಕಿದ್ದರೆ ಕಿಟಕಿ ಮುಚ್ಚಿ, ವಾಟ್ಸಾಪ್ ಗ್ರೂಪು ಮ್ಯೂಟ್ ಮಾಡಿ.

ಎರಡನೇದು ಜುಲೈ 1, ಶನಿವಾರ, ಲೆಬನಾನ್ ವಿರುದ್ಧ ಸೆಮಿಫೈನಲ್. ಆಫೀಸಿನ ನಾಲ್ಕು ಜನ ಸೇರಿ ಇಂದಿರಾನಗರದ ಒಂದು ಪಬ್ಬಿಗೆ ಹೋದೆವು. ಗೋಡೆ ತುಂಬಾ ಪರದೆ, ಎಸಿ, ತಟ್ಟೆ ತುಂಬಾ ಕಡ್ಲೆಬೀಜ ಮಸಾಲ. ಆದರೆ ದೊಡ್ಡ ಪರದೆಯಲ್ಲಿ ಫುಟ್‌ಬಾಲ್ ಇರಲಿಲ್ಲ. ಅವತ್ತು ಲಾರ್ಡ್ಸ್‌ನಲ್ಲಿ ಆ್ಯಶಸ್ ಟೆಸ್ಟಿನ ನಾಲ್ಕನೇ ದಿನ. ನಮ್ಮದೇ ದೇಶ ಮೂರ್ನಾಲ್ಕು ಮೈಲಿ ಆಚೆ ಸೆಮಿಫೈನಲ್ ಆಡುತ್ತಿದ್ದರೆ, ಪಕ್ಕದ ಟೇಬಲ್ಲಿನವರು ಕುಂಟುತ್ತಾ ಬ್ಯಾಟಿಂಗಿಗೆ ಬಂದ ಆಸ್ಟ್ರೇಲಿಯಾದ ನಾಥನ್ ಲಯನ್‌ಗೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೈಯುವಂತಿಲ್ಲ, ಲಯನ್‌ಗೆ ನಾನೂ ಹೊಡೆದೆ. ವೇಟರ್ ಹುಡುಗನನ್ನು ಕರೆದು "ಅಣ್ಣ, ಫುಟ್‌ಬಾಲ್ ಹಾಕಿ" ಅಂದರೆ "ಮೂಲೆಯಲ್ಲಿ ಹಾಕಿದೀನಿ ಸರ್" ಅಂದ. ಬಾತ್‌ರೂಮಿನ ಬಾಗಿಲ ಮೇಲೆ, ಸದ್ದಿಲ್ಲದ ಒಂದು ಟಿವಿ.

ಇಷ್ಟೆಲ್ಲ ದೂರಿದರೂ ಪಬ್ಬಿಗೆ ಒಂದು ವಿಷಯದಲ್ಲಿ ಪೂರ್ತಿ ಅಂಕ ಕೊಡಬೇಕು. ಆಟ ಅರ್ಥವಾಗುವುದು ಅಲ್ಲಿಯೇ. 120 ನಿಮಿಷ ಗೋಲಿಲ್ಲದೆ ಪೆನಾಲ್ಟಿಗೆ ಹೋದಾಗ ಕ್ಯಾಮೆರಾ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರ ಕಣ್ಣಿನವರೆಗೆ ಹೋಗುತ್ತೆ. ಲೆಬನಾನಿನ ನಾಯಕ ಹಸನ್ ಮಾತೂಕ್ ಹೊಡೆದ ಮೊದಲ ಪೆನಾಲ್ಟಿಯನ್ನೇ ಅವರು ತಡೆದರು. ಅದನ್ನು ಮೂರು ಕೋನದಿಂದ ತೋರಿಸಿದರು, ಮೂರನೆಯದರಲ್ಲಿ ಕೈಗವಸಿಗೆ ತಾಗಿದ ಜಾಗವೂ ಕಾಣಿಸಿತು. ಖಲೀಲ್ ಬದರ್ ಹೊಡೆದದ್ದು ಮೇಲಕ್ಕೆ ಹಾರಿ 4-2 ಆದಾಗ ಪಬ್ಬಿನ ಅರ್ಧ ಭಾಗ ಎದ್ದು ಕೂಗಿತು, ಇನ್ನರ್ಧ "ಏನಾಯ್ತು?" ಅಂತ ತಿರುಗಿತು. ಆ "ಏನಾಯ್ತು" ಇದೆಯಲ್ಲ, ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಖುಷಿ ಅರ್ಧ ಇಳಿದಿರುತ್ತೆ. ಬಿಲ್ಲು ಬಂದಾಗ ಉಳಿದರ್ಧ.

ಬೀದಿ ಪರದೆಯ ಮಾತೂ ಹೇಳಿಬಿಡುತ್ತೇನೆ, ಹಿಂದಿನ ವರ್ಷದ್ದು. 2022ರ ಡಿಸೆಂಬರ್ 18ರಂದು ವಿಶ್ವಕಪ್ ಫೈನಲ್ ನೋಡಲು ಗೌತಮಪುರಕ್ಕೆ ಹೋಗಿದ್ದೆ. ಹಲಸೂರಿನ ಪಕ್ಕದ ಆ ಬಡಾವಣೆಯಲ್ಲಿ ಪೆಲೆಯ ಪ್ರತಿಮೆ ಇದೆ, ಮಿನಿ ಬ್ರೆಜಿಲ್ ಅಂತಲೇ ಕರೆಯುತ್ತಾರೆ. ಬ್ರೆಜಿಲ್ ಕ್ವಾರ್ಟರ್‌ಫೈನಲಿನಲ್ಲೇ ಕ್ರೊಯೇಷಿಯಾಗೆ ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಗಿತ್ತು. ಹಾಗಾಗಿ ಫೈನಲ್‌ನಲ್ಲಿ ಅರ್ಧ ಜನಕ್ಕೆ ಮೆಸ್ಸಿ ಗೆದ್ದರೆ ಹೊಟ್ಟೆಕಿಚ್ಚು, ಇನ್ನರ್ಧಕ್ಕೆ ಕಣ್ಣೀರು. 80ನೇ ನಿಮಿಷದವರೆಗೆ ಅರ್ಜೆಂಟೀನಾ 2-0 ಮುಂದಿದ್ದದ್ದನ್ನು ಫ್ರಾನ್ಸಿನ ಎಂಬಾಪೆ ಎರಡು ನಿಮಿಷದೊಳಗೆ ಸಮ ಮಾಡಿದಾಗ ಬೀದಿಯಲ್ಲಿ ಪಟಾಕಿ ಹೊಡೆದರು, ಕೊನೆಗೆ ಮೊಂಟಿಯೆಲ್ ಪೆನಾಲ್ಟಿ ಹೊಡೆದು ಅರ್ಜೆಂಟೀನಾ ಗೆದ್ದಾಗಲೂ ಅದೇ ಹುಡುಗರೇ ಹೊಡೆದರು. ಮಜಾ ಅಂದರೆ ಮಜಾ. ಆದರೆ ಅದು ಸಾಲ ತಂದ ಖುಷಿ, ಬೆಳಿಗ್ಗೆ ಎದ್ದರೆ ನನ್ನದೇನೂ ಉಳಿದಿರಲಿಲ್ಲ. ಆದ್ದರಿಂದ ಅದನ್ನು ಈ ಸ್ಪರ್ಧೆಗೆ ಸೇರಿಸಿಲ್ಲ.

ಈಗ ಕಂಠೀರವ. ಜುಲೈ 4, ಮಂಗಳವಾರ, ಫೈನಲ್, ಮತ್ತೆ ಕುವೈತ್. ಚಿಕ್ಕಪ್ಪನ ಮಗ, ನನಗಿಂತ ಹತ್ತು ವರ್ಷ ಚಿಕ್ಕವನು, ಟಿಕೆಟ್ ತೆಗೆಸಿದ್ದ. ಅಪ್ಪನನ್ನೂ ಕರೆದೆವು, ಮಂಡಿನೋವು, ಮೆಟ್ಟಿಲು ಹತ್ತೋದು ಆಗಲ್ಲ ಅಂದರು. ಮೆಟ್ರೋದಲ್ಲಿ ಕಬ್ಬನ್ ಪಾರ್ಕಿಗೆ ಬಂದು, ಚುರುಮುರಿ ತಿಂದು, ನಡೆದುಕೊಂಡು ಹೋದೆವು. ಒಂದು ಕಾಲಕ್ಕೆ ಸಂಪಂಗಿ ಕೆರೆ ಇದ್ದ ಜಾಗ ಅದು. ಈಗ ಕರಗದ ಪೂಜೆಗೆ ಅಂತ ಒಂದು ಪುಟ್ಟ ಕೊಳ ಉಳಿಸಿದ್ದಾರೆ, ಮಿಕ್ಕಿದ್ದೆಲ್ಲ ಮೈದಾನ. ಅವತ್ತು ಸುಮಾರು 26,000 ಜನ ಸೇರಿ ಮತ್ತೆ ಕೆರೆಯ ಹಾಗೇ ಕಾಣುತ್ತಿತ್ತು, ನೀಲಿ ನೀಲಿ.

ಕಂಠೀರವದ ದೋಷ ಮೊದಲು ಹೇಳುತ್ತೇನೆ. ಸ್ಟ್ಯಾಂಡಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಆಟ ದೂರ. 14ನೇ ನಿಮಿಷದಲ್ಲಿ ಕುವೈತಿನ ಶಬೀಬ್ ಅಲ್ ಖಾಲ್ದಿ ಗೋಲು ಹೊಡೆದದ್ದು ನಮಗೆ ಆಚೆ ತುದಿಯಲ್ಲಿ ಬಿಳಿ ಅಂಗಿಯವರು ಓಡಿ ಹೋಗಿ ಒಬ್ಬನ ಮೇಲೆ ಬಿದ್ದದ್ದರಿಂದ ತಿಳಿಯಿತು. ಮರುಪ್ರಸಾರ ಇಲ್ಲ, ಕಾಮೆಂಟರಿ ಇಲ್ಲ. ಅರ್ಧಕ್ಕೆ ಸ್ವಲ್ಪ ಮುಂಚೆ ನಮ್ಮ ಸಹಲ್ ಅಡ್ಡ ಕೊಟ್ಟ ಬಾಲನ್ನು ಛಾಂಗ್ಟೆ ಒಳಗೆ ತಳ್ಳಿದಾಗಲೂ ಪಾಸು ಕೊಟ್ಟವನು ಯಾರು ಅಂತ ನಮ್ಮ ಸಾಲಿನಲ್ಲೇ ಮೂರು ಅಭಿಪ್ರಾಯ. "ಆಶಿಕ್ ಗುರು, ಆಶಿಕ್" ಅಂತ ಒಬ್ಬ ಆಣೆ ಹಾಕಿದ. ಪಬ್ಬಿನಲ್ಲಿ ಈ ಜಗಳಕ್ಕೇ ಜಾಗವಿಲ್ಲ.

ಆದರೆ ಕತ್ತಲಾಗುತ್ತಾ ಹೋದಂತೆ ಬೇರೆಯದೇ ಒಂದು ಲೆಕ್ಕ ಶುರುವಾಯಿತು. 1-1 ಆಗಿ ಎಕ್ಸ್‌ಟ್ರಾ ಟೈಮಿಗೆ ಹೋದಾಗ ಯಾರೂ ಏಳಲಿಲ್ಲ. 2018ರಲ್ಲಿ ಮುಂಬೈನ ಖಾಲಿ ಸ್ಟ್ಯಾಂಡುಗಳನ್ನು ನೋಡಿ ಬೇಸತ್ತು, ಬೈಯುವುದಿದ್ದರೂ ಸ್ಟೇಡಿಯಮ್ಮಿಗೇ ಬಂದು ಬೈಯಿರಿ ಅಂತ ವಿಡಿಯೊ ಮಾಡಿ ಕೇಳಿಕೊಂಡವರು ಇದೇ ಚೆಟ್ರಿ. ಬೆಂಗಳೂರಿಗರಿಗೆ ಅವರೂ ಗುರುಪ್ರೀತೂ ಹೊರಗಿನವರಲ್ಲ. ಬೆಂಗಳೂರು ಎಫ್‌ಸಿ ಪರ ಇದೇ ಹುಲ್ಲಿನ ಮೇಲೆ ವರ್ಷಗಟ್ಟಲೆ ಆಡಿದವರು. ಅದಕ್ಕೇ ಇರಬೇಕು, ಪೆನಾಲ್ಟಿಗೆ ಗುರುಪ್ರೀತ್ ಗೋಲಿನತ್ತ ನಡೆದಾಗ ಕೂಗು ದೇಶದ ಗೋಲ್‌ಕೀಪರಿಗೆ ಕೂಗಿದ ಹಾಗಿರಲಿಲ್ಲ, ನಮ್ಮ ಬೀದಿ ಹುಡುಗನಿಗೆ ಕೂಗಿದ ಹಾಗಿತ್ತು.

ಕುವೈತಿನ ಮೊದಲನೆಯದೇ ತಪ್ಪಿತು. ನಮ್ಮವರು ಚೆಟ್ರಿ, ಜಿಂಗನ್, ಛಾಂಗ್ಟೆ ಮೂವರೂ ಹಾಕಿದರು. ನಾಲ್ಕನೆಯದು ಉದಾಂತ ಸಿಂಗ್. ತಪ್ಪಿತು. ಇಪ್ಪತ್ತಾರು ಸಾವಿರ ಜನ ಒಟ್ಟಿಗೆ ಸುಮ್ಮನಾದದ್ದನ್ನು ನೀವು ಯಾವ ಸ್ಪೀಕರಿನಲ್ಲೂ ಕೇಳಲಾರಿರಿ. ಸ್ಪೀಕರಿನಲ್ಲಿ ಅದು ಸದ್ದು ಹೋದ ಹಾಗಷ್ಟೇ ಕೇಳುತ್ತೆ. ಇಲ್ಲಿ ಯಾರೋ ನಾಲ್ಕು ಸಾಲು ಕೆಳಗೆ ಕಡ್ಲೆಕಾಯಿ ಸಿಪ್ಪೆ ಒಡೆದದ್ದು ಕೇಳಿಸಿತು. ಸುಭಾಶಿಸ್ ಹಾಕಿದರು, 4-4. ಸಡನ್ ಡೆತ್, ಅಂದರೆ ಒಬ್ಬರು ಹಾಕಿ ಇನ್ನೊಬ್ಬರು ತಪ್ಪಿದರೆ ಅಲ್ಲಿಗೇ ಮುಗಿಯಿತು. ನವೋರೆಂ ಮಹೇಶ್ ಸಿಂಗ್ ಹಾಕಿದರು.

ಕುವೈತಿನ ಖಾಲೆದ್ ಹಾಜಿಯಾ ಬಾಲು ಇಡುತ್ತಿದ್ದಾಗ ನನ್ನ ಮುಂದಿನ ಸಾಲಿನ ಒಬ್ಬರು, ಐವತ್ತರ ಆಸುಪಾಸು, ಮೈದಾನಕ್ಕೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ನಿಂತುಬಿಟ್ಟರು. "ನನ್ ಕೈಲಿ ಆಗಲ್ಲ, ನೀವೇ ನೋಡಿ ಹೇಳಿ" ಅಂದರು. ಹಾಗಾಗಿ ಆ ಟೂರ್ನಿಯ ಕೊನೆಯ ಒದೆತದಲ್ಲಿ ನಾನು ಅರ್ಧ ನೋಡಿದ್ದು ಗುರುಪ್ರೀತ್‌ರನ್ನು, ಅರ್ಧ ಅವರ ಮುಖವನ್ನು. ಹಸಿರು ಮೈಯೊಂದು ಪಕ್ಕಕ್ಕೆ ಹಾರಿತು, ಬಾಲು ಬಲೆಗೆ ಹೋಗಲಿಲ್ಲ. ಅಷ್ಟೇ ನಾನು ಕಂಡದ್ದು. ಮುಂದಿನ ಕ್ಷಣ ಅವರು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು, ಚಿಕ್ಕಪ್ಪನ ಮಗ ಬೆಂಚಿನ ಮೇಲೆ ಹತ್ತಿದ್ದ. ಒಂಬತ್ತನೇ ಸಲ ಭಾರತಕ್ಕೆ ಸ್ಯಾಫ್ ಕಪ್ಪು. ಹತ್ತು ಗಂಟೆ ದಾಟಿತ್ತು, ವಂದೇ ಮಾತರಂ ಒಂದು ಮೂಲೆಯಿಂದ ಶುರುವಾಗಿ ಸುತ್ತು ಹಾಕಿ ಬಂತು. ಮೈಮೇಲೆ ಕೂದಲು ನಿಂತಿತು ಅಂತ ಬರೆಯಲು ನಾಚಿಕೆ, ಆದರೆ ನಿಂತಿದ್ದು ನಿಜ.

ಸ್ಟೇಡಿಯಮ್ಮಿನಲ್ಲಿ ಎಷ್ಟು ಕಮ್ಮಿ ಕಾಣಿಸುತ್ತೆ ಅನ್ನುವುದಕ್ಕೆ ಇನ್ನೊಂದು ಮಾತು. ಪದಕದ ಹೊತ್ತಿಗೆ ಒಬ್ಬ ಆಟಗಾರ ಬಣ್ಣಬಣ್ಣದ ಬಟ್ಟೆ ಹೊದ್ದು ಓಡಾಡುತ್ತಿದ್ದ. ಯಾವುದೋ ಅಭಿಮಾನಿ ಸಂಘದ್ದಿರಬೇಕು ಅಂದುಕೊಂಡು ಅವನಿಗೂ ಸೀಟಿ ಹೊಡೆದೆವು. ಮೆಟ್ರೋದಲ್ಲಿ ಫೋನ್ ತೆಗೆದಾಗ ಗೊತ್ತಾಯಿತು: ಅದು ಜೀಕ್ಸನ್ ಸಿಂಗ್, ಹೊದ್ದದ್ದು ಮಣಿಪುರದ ಮೈತೇಯಿ ಜನರ ಏಳು ಬಣ್ಣದ ಬಾವುಟ. ಮೇ ತಿಂಗಳಿಂದ ಅವನ ರಾಜ್ಯ ಮೈತೇಯಿ-ಕುಕಿ ಗಲಭೆಯಲ್ಲಿ ಹೊತ್ತಿ ಉರಿಯುತ್ತಿತ್ತು. ಶಾಂತಿಗಾಗಿ ಹೊದ್ದೆ ಅಂದಿದ್ದ. ಪೆನಾಲ್ಟಿ ತಪ್ಪಿಸಿಕೊಂಡ ಉದಾಂತ, ಹಾಕಿದ ಮಹೇಶ್, ಇಬ್ಬರೂ ಮಣಿಪುರದವರೇ. ಮನೆಯಲ್ಲಿ ಕೂತವರಿಗೆ ಇದೆಲ್ಲ ಆಗಲೇ ಗೊತ್ತಿತ್ತು, ಜಗಳವೂ ಶುರುವಾಗಿತ್ತು. ಅಲ್ಲೇ ಇದ್ದ ನಾವು ಮಾತ್ರ ಸೀಟಿ ಹೊಡೆದು ಬಂದಿದ್ದೆವು.

ಆದ್ದರಿಂದ ನನ್ನ ತೀರ್ಪು ಓರೆಕೋರೆ. ಗುಂಪಿನ ಪಂದ್ಯಗಳಿಗೆ ಮನೆ, ಆದರೆ ಕೇಬಲ್ಲು, ಫೋನಲ್ಲ. ಯಾರು ಎಲ್ಲಿ ತಪ್ಪಿದರು ಅಂತ ತಿಳಿಯಬೇಕಿದ್ದರೆ ಪಬ್ಬು, ಅದೂ ಕ್ರಿಕೆಟ್ ಇಲ್ಲದ ದಿನ ನೋಡಿಕೊಂಡು. ನಾಕೌಟ್ ಇದ್ದು ಊರಲ್ಲೇ ನಡೆಯುತ್ತಿದ್ದರೆ ಕಣ್ಣು ಮುಚ್ಚಿ ಸ್ಟೇಡಿಯಮ್ಮು, ಏನೂ ಕಾಣಿಸದಿದ್ದರೂ ಪರವಾಗಿಲ್ಲ. ಗುರುಪ್ರೀತ್ ತಡೆದದ್ದನ್ನು ಆಮೇಲೆ ಫೋನಿನಲ್ಲಿ ಹನ್ನೊಂದು ಸಲ ನೋಡಿದ್ದೇನೆ. ಚೆನ್ನಾಗಿ ಕಾಣಿಸುತ್ತೆ. ಭುಜ ಹಿಡಿದು ಅಲ್ಲಾಡಿಸುವವರು ಮಾತ್ರ ಅದರಲ್ಲಿಲ್ಲ.

ಅಪ್ಪನ ವಿಷಯ ಹೇಳುವುದು ಮರೆತೆ. ಪೆನಾಲ್ಟಿ ಶುರುವಾದಾಗ ಅವರು ಫೋನ್ ಮಾಡಿ, "ಕಟ್ ಮಾಡ್ಬೇಡ ಕಣೋ, ಜೇಬಲ್ಲೇ ಇಟ್ಕೋ, ಜನ ಕೂಗೋದು ಕೇಳ್ತಾ ಇರ್ತೀನಿ" ಅಂದಿದ್ದರು. ಪಂದ್ಯ ನೋಡುತ್ತಿದ್ದುದು ಅಮ್ಮನ ಫೋನಿನಲ್ಲಿ, ಅದೇ ಸ್ಟೀಲ್ ಡಬ್ಬಿಗೆ ಒರಗಿಸಿ. ಎಲ್ಲ ಮುಗಿದು, ಗಂಟಲು ಹರಿದುಕೊಂಡು, ಜೇಬಿನಿಂದ ಫೋನ್ ತೆಗೆದು "ಅಪ್ಪಾ!" ಅಂದೆ.

"ಬಾಯ್ ಮುಚ್ಚೋ, ಏನೂ ಹೇಳ್ಬೇಡ," ಅಂದರು. "ಇಲ್ಲಿ ಅವ್ನಿನ್ನೂ ಬಾಲ್ ಇಡ್ತಾ ಇದಾನೆ."